ಒಂಬತ್ತೂವರೆಯ ಲಿಂಗಪ್ಪ

೧೮ ನವೆಂಬರ್ ೨೦೦೮, ಮಂಗಳವಾರ

ಸಂಘದ ಕೋಣೆಗೆ ಕಂಪ್ಯೂಟರ್ ನೋಡಲು ಹೋಗಿ ಬಂದೆ. ನೋಡುವಂಥದ್ದು ಏನೂ ಇರಲಿಲ್ಲ. ಚನ್ನಕೇಶವ ಗೌಡರು ಅದಕ್ಕೆ ಸೇವಂತಿಗೆ ಹಾರ ಹಾಕಿಸಿ, ಕುಂಕುಮ ಹಚ್ಚಿಸಿ, ಈಗ ಕರು ಹಾಕುತ್ತದೆ ಎಂಬಂತೆ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡಿದ್ದರು. ಬೆಳೆಗಾರರ ಸಂಘಕ್ಕೆ ಅವರು ಅಧ್ಯಕ್ಷರು. ಅಧ್ಯಕ್ಷರಾದವರು ವರ್ಷಕ್ಕೊಂದು ಉದ್ಘಾಟನೆ ಮಾಡದಿದ್ದರೆ ಮೈಗೆ ಒಗ್ಗುವುದಿಲ್ಲ. ಹೋದ ವರ್ಷ ಒಂದು ಬೆಂಚು, ಈ ವರ್ಷ ಇದು.

ಮಾಡಿದವಳು ಮಾತ್ರ ನಮ್ಮ ಮನೆಯವಳೇ. ನನ್ನ ಮಗಳ ಮಗಳು ರಕ್ಷಾ. ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಓದಿ ಮುಗಿಸಿ ನನ್ನ ಜೊತೆಗಿದ್ದಾಳೆ, ಸಂಘದಲ್ಲಿ ಕೆಲಸ. ಆನೆ ಎಲ್ಲಿದೆ ಎಂದು ಬರೆದಿಡುವ ಏರ್ಪಾಟು ಇದು. ಮೂರು ವರ್ಷದಿಂದ ಆನೆಗಳು ಕಾಡು ಬೇಡವೆಂದು ಕಾಫಿ ತೋಟಗಳಲ್ಲೇ ಸಂಸಾರ ಹೂಡಿವೆ. ಕಂಡವರು ಹತ್ತಿರದ ಎಸ್ಟೇಟ್ ಆಫೀಸಿಗೆ ಹೋಗಿ, ತಮ್ಮ ಹೆಸರು ಒತ್ತಿ, ಗುಟ್ಟಿನ ಪದ ಒತ್ತಿ, ಒಳಗೆ ಹೋಗಿ ಬರೆಯಬೇಕು. ಎಲ್ಲ ಎಸ್ಟೇಟಿನದೂ ಫೋನಿನ ತಂತಿಯಲ್ಲಿ ಬಂದು ನಮ್ಮ ಕೋಣೆಯ ತಾಯಿಪೆಟ್ಟಿಗೆಗೆ ಬೀಳುತ್ತದೆ. ಹಣ್ಣು ಕುಯ್ಯಲು ಆಳು ಕಳಿಸುವ ಮೊದಲು ಎಸ್ಟೇಟಿನ ಲೆಕ್ಕ, ಹಾಜರಿ ಬರೆಯುವ ರೈಟರುಗಳು ಅದನ್ನು ನೋಡಬೇಕು.

"ಯಾರು ಬರೆದ್ರು, ಎಷ್ಟೊತ್ತಿಗೆ ಬರೆದ್ರು, ಎಲ್ಲ ಬೀಳುತ್ತೆ. ಸುಳ್ಳು ಹೇಳಕ್ಕೆ ಆಗಲ್ಲ ಅಜ್ಜಿ" ಅಂದಳು.

"ಸುಳ್ಳು ಹೇಳೋರಿಗೆ ದೇವಸ್ಥಾನವೇ ಅಡ್ಡ ಬಂದಿಲ್ಲ, ನಿನ್ನ ಪೆಟ್ಟಿಗೆ ಬರುತ್ತಾ?" ಅಂದೆ.

ಎಲ್ಲರಿಗಿಂತ ಮೊದಲು ಕಲಿತವನು, ಆನೆ ಎಲ್ಲಿದೆ ಎಂದು ನೋಡಿಬರಲು ಸಂಘ ಇಟ್ಟುಕೊಂಡಿರುವ ಕಾವಲಿನ ಲಿಂಗಪ್ಪನಂತೆ. ಕಲಿಯಲಿ. ಹದಿನೆಂಟು ವರ್ಷದ ಹಿಂದೆ, ಗೌಡರ ಕಾಫಿ ಸಸಿಗಳನ್ನು ತಿಂದದ್ದು ನಮ್ಮ ಹಸು ಎಂದು ಪಂಚಾಯಿತಿಯಲ್ಲಿ ನಿಂತು ಸಾಕ್ಷಿ ಹೇಳಿದವನು ಅವನು. ಅವತ್ತಿನಿಂದ ಅವನ ಜೊತೆ ನನಗೆ ಮಾತಿಲ್ಲ. ಈಗ ಅವನ ಮಾತನ್ನು ಐದು ಎಸ್ಟೇಟು ಕೇಳುತ್ತದೆ. ಕಾಲ.

೨೫ ನವೆಂಬರ್, ಮಂಗಳವಾರ

ರಕ್ಷಾ ದಿನಾ ಆರು ಗಂಟೆಗೆ ಹೋಗಿ ಪೆಟ್ಟಿಗೆ ಎಬ್ಬಿಸುತ್ತಾಳೆ. ಸಂಜೆ ಮಲಗಿಸಿ ಬರುತ್ತಾಳೆ. ಹಾಲು ಕರೆಯುವುದೊಂದು ಬಾಕಿ.

ಅವಳು ಬೀಗ ತೆಗೆಯುವ ಮೊದಲೇ ಲಿಂಗಪ್ಪ ಮಂಗನ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾನಂತೆ. ಒಂದೇ ಬೆರಳಿನಲ್ಲಿ ಹೇನು ಕುಕ್ಕಿದ ಹಾಗೆ ಕುಕ್ಕಿ, ಕಂಡದ್ದನ್ನು ಬರೆದು, ಕಾಡಿಗೆ ಹೋಗುತ್ತಾನಂತೆ. "ಒಂದಿನ ತಪ್ಪಿಸಿಲ್ಲ, ದಿನಾ ಅವರದೇ ಮೊದಲ ಹೆಸರು" ಎಂದು ಹೊಗಳಿದಳು.

"ಮನೆ ಮಠ ಇಲ್ಲದೋನು ಬೇಗ ಏಳದೆ ಇನ್ನೇನು ಮಾಡ್ತಾನೆ?" ಅಂದೆ.

ಚನ್ನಕೇಶವ ಗೌಡರ ರೈಟರು ಓಂಕಾರಮೂರ್ತಿ ಮಾತ್ರ ಒಂಬತ್ತರ ಮೇಲೆ ನಿಧಾನವಾಗಿ ಆಫೀಸಿನ ಕಂಪ್ಯೂಟರ್ ತೆರೆಯುತ್ತಾನೆ. ಅವನ ತಲೆಗೆ ಎಣ್ಣೆ ಹಚ್ಚಿ ಬಾಚುವುದಕ್ಕೇ ಅಷ್ಟು ಹೊತ್ತು ಬೇಕು.

೩ ಡಿಸೆಂಬರ್, ಬುಧವಾರ

ಬೆಳಿಗ್ಗೆಯೇ ತಲೆ ಕೆಟ್ಟಿತು. ಅಂಗಳದಲ್ಲಿ ಮೆಣಸು ಹರವುತ್ತಿದ್ದೆ. ಒಂಬತ್ತೂವರೆ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುವ ಹೊತ್ತಿಗೆ ಲಿಂಗಪ್ಪ ನಮ್ಮ ಗೇಟಿನಲ್ಲಿ! "ಅಮ್ಮಾ, ಹಳ್ಳದ ಕಡೆ ಇಳೀಬೇಡಿ. ಎರಡು ಆನೆ, ಒಂದು ಮರಿ. ಮರಿ ಇರೋದ್ರಿಂದ ಜೋರಿದಾವೆ" ಎಂದು ಊರಿಗೇ ಕೇಳುವ ಹಾಗೆ ಕೂಗಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ರೇಡಿಯೋ ದೊಡ್ಡದು ಮಾಡಿದೆ. ಕಿಟಕಿಯಿಂದ ನೋಡಿದರೆ ಬಸ್ಸು ದಾಟುವವರೆಗೂ ಅಲ್ಲೇ ಕಂಬದ ಹಾಗೆ ನಿಂತಿದ್ದ. ಹೋಗುವಾಗ ಗೇಟಿನ ಸರಪಳಿ ಹಾಕಿಕೊಂಡು ಹೋದ. ನಾನು ಹೋಗಿ ಅವನು ಹಾಕಿದ್ದನ್ನು ತೆಗೆದು, ಮತ್ತೆ ನಾನೇ ಹಾಕಿದೆ. ನಮ್ಮ ಗೇಟಿಗೆ ಅವನ ಕೈ ಬೇಡ.

ಸಂಜೆ, ಮತ್ತೆ

ಸರೋಜಮ್ಮನ ಸೊಂಟದ ಮೂಳೆ ಮುರಿದಿದೆ. ಗೌಡರ ಹಳ್ಳದ ಬದಿಗೆ ಹಣ್ಣು ಕುಯ್ಯಲು ಹೋದವರ ಮೇಲೆ ಆನೆ ನುಗ್ಗಿತಂತೆ. ಉಳಿದವರು ಓಡಿದರು. ಇವಳು ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡಿದ್ದಳು, ಬಿಚ್ಚಲು ಆಗದೆ ಕಡಿದಾದ ಬರೆಯ ಅಂಚಿನಿಂದ ಕೆಳಕ್ಕೆ ಬಿದ್ದಳು. ಆನೆ ಎರಡು ಮಾರು ದೂರದಲ್ಲಿ ನಿಂತು, ನೋಡಿ, ಹೋಯಿತಂತೆ. ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋಗಿದ್ದಾರೆ.

ನನ್ನ ಬಾಣಂತನಕ್ಕೆ ಬಂದವಳ ಮಗಳು ಅವಳು. ಊಟ ಸೇರಲಿಲ್ಲ.

೪ ಡಿಸೆಂಬರ್, ಗುರುವಾರ

ಗೊತ್ತಾಯಿತು, ಯಾರ ಕೆಲಸ ಎಂದು. ಪೆಟ್ಟಿಗೆಯೇ ಹೇಳಿದೆ.

ರಕ್ಷಾ ಕಾಗದದಲ್ಲಿ ಅಚ್ಚು ಹಾಕಿಸಿ ತಂದಿದ್ದಳು. ಬೆಳಿಗ್ಗೆ ಆರು ಹತ್ತು: "ಗೌಡರ ಹಳ್ಳದ ಬದಿ, ಎರಡು ಆನೆ, ಒಂದು ಮರಿ." ಬರೆದವರು: ಲಿಂಗಪ್ಪ. ಅದರ ಕೆಳಗೆ ಒಂಬತ್ತು ಮೂವತ್ತೊಂದು: "ಹಳ್ಳದ ಬದಿ ಖಾಲಿ. ಕುಯ್ಲಿಗೆ ಹೋಗಬಹುದು." ಬರೆದವರು: ಲಿಂಗಪ್ಪ. ಅದನ್ನು ನೋಡಿ ಮೇಸ್ತ್ರಿ ಆಳು ಇಳಿಸಿದ್ದಾನೆ.

"ನಾನು ಬರೆದಿದ್ದು ಒಂದೇ ಸಲ, ಆರು ಗಂಟೆಗೆ" ಎಂದು ಲಿಂಗಪ್ಪ ಹೇಳಿದನಂತೆ. ಚನ್ನಕೇಶವ ಗೌಡರು, "ಕಂಪ್ಯೂಟರ್ ಸುಳ್ಳು ಹೇಳುತ್ತೇನೋ ಮಾರಾಯ?" ಅಂದರಂತೆ. ಅವನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಹದಿನಾಲ್ಕಕ್ಕೆ ಸಂಘದ ಸಭೆ, ಅಲ್ಲಿ ಪೂರ್ತಿ ತೆಗೆಯುತ್ತಾರೆ. ಸಂಘ ಕೊಟ್ಟ ಕೋಣೆಯನ್ನೂ ಬಿಡಬೇಕು.

ಹದಿನೆಂಟು ವರ್ಷದಿಂದ ನಾನು ಒಬ್ಬಳೇ ಹೇಳುತ್ತಿದ್ದೆ, ಅವನು ಸುಳ್ಳುಗಾರ ಎಂದು. ಈಗ ಕೇಳಿ.

೬ ಡಿಸೆಂಬರ್, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ಸರೋಜಮ್ಮನ ಕಾಲಿಗೆ ಇಟ್ಟಿಗೆ ಕಟ್ಟಿ ತೂಗುಹಾಕಿದ್ದಾರೆ, ಬಾವಿಯ ಕೊಡದ ಹಾಗೆ.

"ಲಿಂಗಪ್ಪಣ್ಣ ಹಂಗೆ ಬರೆಯೋರಲ್ಲಮ್ಮ" ಅಂದಳು.

"ನಿನ್ನ ಸೊಂಟ ಮುರಿದವನ ಪರವಾಗಿ ನೀನೇ ವಕಾಲತ್ತು ಮಾಡು" ಅಂದೆ.

ಅವನು ದಿನಾ ಗಂಜಿ ತರುತ್ತಾನಂತೆ. ಇವಳ ಗಂಡ ಮೊದಲ ದಿನ ಬೈದು ಓಡಿಸಿದನಂತೆ, ಎರಡನೆಯ ದಿನವೂ ಬೈದನಂತೆ, ಮೂರನೆಯ ದಿನ ಗಂಜಿ ಒಳಗೆ ತೆಗೆದುಕೊಂಡನಂತೆ. ಕೆಲಸ ಹೋದ ಮೇಲೆ ಸಂಸೆಗೆ, ತಂಗಿಯ ಮನೆಗೆ ಹೋಗುತ್ತಾನಂತೆ. ಅರವತ್ತು ದಾಟಿದವನು ತಂಗಿಯ ಮನೆಯ ಜಗುಲಿಯಲ್ಲಿ ಚಾಪೆ ಹಾಸಿಕೊಳ್ಳಲಿ. ತಪ್ಪು ಮಾಡದವನು ಗಂಜಿ ಯಾಕೆ ತರುತ್ತಾನೆ?

ಗಂಜಿ ಚೆನ್ನಾಗಿಯೇ ಇತ್ತು. ಜೀರಿಗೆ ಹಾಕಿದ್ದ.

೮ ಡಿಸೆಂಬರ್, ಸೋಮವಾರ

ಮೆಣಸು ಹರವಿ ಎಷ್ಟು ದಿನವಾಯಿತು ಎಂದು ನೋಡಲು ಈ ಪುಸ್ತಕ ತಿರುವಿದೆ. ಮೂರನೆಯ ತಾರೀಖು ಸಿಕ್ಕಿತು. ಮೆಣಸಿನ ಕೆಳಗಿನ ಸಾಲೂ ಕಣ್ಣಿಗೆ ಬಿತ್ತು.

ಒಂಬತ್ತೂವರೆ ಬಸ್ಸು.

ಮೂರು ಸಲ ಓದಿದೆ. ಅಕ್ಷರ ನನ್ನದೇ. ನಮ್ಮ ಗೇಟಿನಿಂದ ಸಂಘದ ಕೋಣೆಗೆ ಇಪ್ಪತ್ತು ನಿಮಿಷದ ದಾರಿ, ಗೌಡರ ಆಫೀಸಿಗೆ ಅರ್ಧ ಗಂಟೆ. ಆನೆ ಇದೆ ಎಂದು ನನ್ನ ಗೇಟಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದವನು, ಅದೇ ನಿಮಿಷ ಆನೆ ಇಲ್ಲ ಎಂದು ಎಲ್ಲಿ ಕುಳಿತು ಬರೆದ?

ಹಾಳಾದ ಪುಸ್ತಕ. ಬೇಡದ್ದನ್ನೆಲ್ಲ ಬರೆಯುವ ಚಾಳಿ ನನಗೆ ಯಾಕೆ ಬೇಕಿತ್ತು?

ರಕ್ಷಾಗೆ ಹೇಳಲಿಲ್ಲ.

೯ ಡಿಸೆಂಬರ್, ಮಂಗಳವಾರ

ಹೇಳಿದೆ. ದೋಸೆ ಹುಯ್ಯುತ್ತಾ ಬೆನ್ನು ತಿರುಗಿಸಿಕೊಂಡೇ ಹೇಳಿದೆ. ಅವಳು ಅರ್ಧ ದೋಸೆ ಬಿಟ್ಟು ಎದ್ದು ಹೋದಳು.

೧೦ ಡಿಸೆಂಬರ್, ಬುಧವಾರ

ಬೆಳಿಗ್ಗೆಯೇ ನನ್ನನ್ನೂ ಕೋಣೆಗೆ ಎಳೆದುಕೊಂಡು ಹೋದಳು. ಪೆಟ್ಟಿಗೆಯನ್ನು ಮಲಗಿಸಿ ಮತ್ತೆ ಎಬ್ಬಿಸಿ, "ಅಜ್ಜಿ, ಇವತ್ತು ಮೊದಲು ನೀನು ಒಳಗೆ ಹೋಗು" ಎಂದು ನನ್ನ ಹೆಸರು ಒತ್ತಿಸಿದಳು. ಗುಟ್ಟಿನ ಪದ ಏನಿಡಲಿ ಎಂದಳು. ಗುಟ್ಟಿನದ್ದು, ನಿನಗೆ ಯಾಕೆ ಹೇಳಲಿ ಎಂದೆ. ಆಮೇಲೆ ಅವಳು ಪಕ್ಕದ ಇನ್ನೊಂದು ಕಂಪ್ಯೂಟರಿನಲ್ಲಿ ತನ್ನ ಹೆಸರಿನಿಂದ ಹೋಗಿ ಏನೋ ಬರೆದಳು. ಪರದೆಯ ಮೇಲೆ ಬಂತು:

"ಅಜ್ಜಿಗೆ ಬಾಯಿ ಜಾಸ್ತಿ." ಬರೆದವರು: ತಿಮ್ಮಮ್ಮ.

"ಇದನ್ನ ನಾನೆಲ್ಲಿ ಬರೆದೆ?" ಅಂದೆ.

"ಅದೇ ಅಜ್ಜಿ. ಅದೇ ಆಗಿರೋದು" ಎಂದು ಅಲ್ಲೇ ತಲೆ ಹಿಡಿದುಕೊಂಡು ಕುಳಿತಳು.

ಬಿಡಿಸಿ ಹೇಳು ಎಂದು ಗದರಿದ ಮೇಲೆ ಹೇಳಿದಳು. ಪೆಟ್ಟಿಗೆಯೊಳಗೆ ಇಬ್ಬರು ಇದ್ದಾರೆಂದು ಇಟ್ಟುಕೊಳ್ಳಬೇಕು. ಬಾಗಿಲಲ್ಲಿ ಒಬ್ಬ, ಉಗ್ರಾಣದಲ್ಲಿ ಒಬ್ಬ. ಬಾಗಿಲಿನವನು ಬಂದವರ ಹೆಸರು, ಗುಟ್ಟು ಕೇಳಿ ಒಳಗೆ ಬಿಡುತ್ತಾನೆ. ಅವನಿಗೆ ಯಾರು ಬಂದರೆಂದು ಸರಿಯಾಗಿ ಗೊತ್ತು. ಉಗ್ರಾಣದವನು ಪುಸ್ತಕ ಇಟ್ಟುಕೊಂಡು ಬರೆದಿಡುತ್ತಾನೆ. ಅವನಿಗೆ ಬಂದವರ ಮುಖ ಕಾಣುವುದಿಲ್ಲ. ಪ್ರತಿ ಸಲ ಬರೆಯುವಾಗಲೂ ಬಾಗಿಲಿನವನನ್ನು "ಈಗ ಒಳಗೆ ಬಂದಿರೋರು ಯಾರು?" ಎಂದು ಕೇಳಿ ಹೆಸರು ಹಾಕಬೇಕು. ಇವಳ ಉಗ್ರಾಣದವನು ಪೆಟ್ಟಿಗೆ ಎದ್ದ ಮೇಲೆ ಒಂದೇ ಒಂದು ಸಲ ಕೇಳುತ್ತಾನೆ. ಮೊದಲು ಬಂದವರು ಯಾರೋ, ಇಡೀ ದಿನ ಅವರದೇ ಹೆಸರು.

"ಇಂಥ ದಡ್ಡತನ ಎಲ್ಲಿ ಕಲಿತೆ? ಚಿಕ್ಕಮಗಳೂರಲ್ಲಾ?"

"ಇಲ್ಲ ಅಜ್ಜಿ. ತಾತ ಹಾಜರಿ ಕರೆಯೋದನ್ನ ನೋಡಿ."

ನಮ್ಮ ಯಜಮಾನರು ಪುಟ್ಟಸ್ವಾಮಿ, ಗೌಡರ ತಂದೆಯ ಕಾಲದಲ್ಲಿ ರೈಟರು. ಬೆಳಿಗ್ಗೆ ಏಳಕ್ಕೆ ಆಳುಗಳನ್ನು ಸಾಲಾಗಿ ನಿಲ್ಲಿಸಿ ಒಂದೇ ಸಲ ಹೆಸರು ಕರೆಯುತ್ತಿದ್ದರು. ಆಮೇಲೆ ಸಂಜೆಯವರೆಗೂ ಅದೇ ಹಾಜರಿ. ನಡುವೆ ಯಾರು ಮರದ ಕೆಳಗೆ ಮಲಗಿದರು, ಯಾರ ಬದಲು ಯಾರು ಬಂದರು, ಕೇಳುತ್ತಿರಲಿಲ್ಲ. ಈ ಕೂಸು ಅವರ ಪಂಚೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಿತ್ತು. ಸತ್ತು ಒಂಬತ್ತು ವರ್ಷವಾದ ಮೇಲೂ ಆ ಮನುಷ್ಯ ನನಗೆ ಕೆಲಸ ಹಚ್ಚುತ್ತಾರೆ.

ಇಷ್ಟು ದಿನ ಯಾರಿಗೂ ಕಾಣಲಿಲ್ಲವೇ ಎಂದರೆ, ಆನೆ ಎಲ್ಲಿದೆ ಎಂದು ನೋಡುತ್ತಿದ್ದರೇ ಹೊರತು ಹೆಸರು ಯಾರೂ ನೋಡುತ್ತಿರಲಿಲ್ಲವಂತೆ. ಬೈಯುವುದಕ್ಕೆ ಒಬ್ಬ ಬೇಕಾದಾಗಲೇ ಹೆಸರು ನೋಡುವುದು. ಐದು ಎಸ್ಟೇಟಿನ ದೊಡ್ಡ ಮನುಷ್ಯರ ಬುದ್ಧಿ ಇಷ್ಟು.

ಬಾಗಿಲಿನವನ ಬಳಿ ಬೇರೆ ಪಟ್ಟಿ ಇದೆ. ಅದನ್ನೂ ತೆಗೆದು ನೋಡಿದಳು. ಮೂರನೆಯ ತಾರೀಖು ಒಂಬತ್ತು ಇಪ್ಪತ್ತೊಂಬತ್ತಕ್ಕೆ ಒಳಗೆ ಬಂದವನು ಓಂಕಾರಮೂರ್ತಿ. ಆ ಹೊತ್ತಿಗೆ ಬೇರೆ ಯಾರೂ ಇಲ್ಲ.

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಅಜ್ಜಿ" ಎಂದು ಅತ್ತಳು.

"ಹಾಗಾದ್ರೆ ಬಾಯಿ ಮುಚ್ಕೊಂಡು ಸರಿ ಮಾಡಿಬಿಡು. ಯಾರಿಗೆ ಗೊತ್ತಾಗುತ್ತೆ?" ಅಂದೆ. ಅಂದದ್ದು ಹೌದು, ಇಲ್ಲಿ ಮುಚ್ಚಿಡುವುದಿಲ್ಲ.

ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. "ಲಿಂಗಪ್ಪ?" ಅಂದಳು. ಅಷ್ಟೇ.

೧೨ ಡಿಸೆಂಬರ್, ಶುಕ್ರವಾರ

ಲಿಂಗಪ್ಪ ಟ್ರಂಕು ಕಟ್ಟಿದ್ದಾನಂತೆ. ಮೆಣಸು ಒಣಗಿದೆ. ಬೇರೇನೂ ಇಲ್ಲ.

೧೪ ಡಿಸೆಂಬರ್, ಭಾನುವಾರ

ಸಭೆಗೆ ಈ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ತೆಗೆಯುವ ಉದ್ದೇಶ ಇರಲಿಲ್ಲ.

ಲಿಂಗಪ್ಪ ಹಿಂದಿನ ಗೋಡೆಗೆ ಒರಗಿ, ಟವೆಲು ಮಡಿಸುತ್ತಾ ಬಿಚ್ಚುತ್ತಾ ನಿಂತಿದ್ದ. ಗೌಡರು ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಮ್ಮ ಹುಡುಗಿ ಎದ್ದು ನಿಂತಳು. ತಪ್ಪು ತನ್ನದು, ಉಗ್ರಾಣದವನು ಬಾಗಿಲಿನವನನ್ನು ಕೇಳದೆ ಬರೆದಿದ್ದಾನೆ, ಹೆಸರುಗಳೆಲ್ಲ ಸುಳ್ಳು ಎಂದಳು. ಎಲ್ಲರ ಎದುರೇ ಪೆಟ್ಟಿಗೆ ಎಬ್ಬಿಸಿ, ಮೊದಲು ಗೌಡರ ಕೈಯಲ್ಲಿ ಅವರ ಹೆಸರು ಒತ್ತಿಸಿ, ಆಮೇಲೆ ತಾನು ಬರೆದು ತೋರಿಸಿದಳು. "ನಾಳೆ ಎಲ್ಲರಿಗೂ ಬಿರಿಯಾನಿ." ಬರೆದವರು: ಚನ್ನಕೇಶವ ಗೌಡ. ಜನ ನಕ್ಕರು. ಗೌಡರು ನಗಲಿಲ್ಲ. ಆಮೇಲೆ ಬಾಗಿಲಿನ ಪಟ್ಟಿ ಓದಿದಳು, ಓಂಕಾರಮೂರ್ತಿಯ ಹೆಸರೂ ಬಂತು.

ಓಂಕಾರಮೂರ್ತಿ ಎದ್ದ. ಕ್ರಾಪು ಅಲುಗಲಿಲ್ಲ. "ಒಳಗಿನ ಪುಸ್ತಕ ಸುಳ್ಳು ಅಂತ ಈ ಹುಡುಗೀನೇ ಹೇಳ್ತಾಳೆ. ಹೊರಗಿನ ಪುಸ್ತಕ ಬರೆದಿರೋದೂ ಇವಳೇ. ಅದು ಮಾತ್ರ ನಿಜ ಅಂತ ಹೆಂಗೆ ನಂಬೋದು ಗೌಡ್ರೇ? ನಾನು ಒಳಗೆ ಹೋಗಿದ್ದು ನೋಡಕ್ಕೆ, ಬರೆಯಕ್ಕಲ್ಲ."

ಗೌಡರು ಹೌದೆಂಬಂತೆ ತಲೆ ಆಡಿಸಿದರು. ನಾನು ಪುಸ್ತಕ ತೆಗೆದೆ.

ಮೂರನೆಯ ತಾರೀಖಿನದನ್ನು ಓದಿದೆ. ಕಂಬದ ಹಾಗೆ ನಿಂತಿದ್ದ ಎನ್ನುವುದನ್ನೂ ಓದಿದೆ, ಸರಪಳಿಯದನ್ನೂ ಓದಿದೆ. ಹಿಂದೆ ಯಾರೋ ಕಿಸಕ್ಕೆಂದರು. "ಒಂಬತ್ತೂವರೆಗೆ ಇವನು ನಮ್ಮ ಗೇಟಲ್ಲಿ. ಒಂಬತ್ತೂವರೆಗೆ ಬರೆದ ಲಿಂಗಪ್ಪ ಯಾವನು, ನೀವೇ ಹುಡುಕಿ" ಅಂದೆ.

"ಅಮ್ಮೋರು ನಿನ್ನೆ ಕೂತು ಬರೆದಿರಬಹುದು. ಮೊಮ್ಮಗಳು ಬೇರೆ" ಎಂದ ಓಂಕಾರಮೂರ್ತಿ.

ಆಗ ನನಗೆ ರೇಗಿತು. ರೇಗಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಏನಯ್ಯಾ, ನನ್ನ ಮೊಮ್ಮಗಳ ತಪ್ಪನ್ನ ಸಭೆಗೆ ತಂದು ತೋರಿಸ್ತಿದೀನಿ, ಮೊಮ್ಮಗಳನ್ನ ಉಳಿಸಕ್ಕಾ? ಇವನು ನನಗೇನು ನೆಂಟನಾ? ಹದಿನೆಂಟು ವರ್ಷ ಇವನನ್ನ ಸುಳ್ಳ ಅಂತ ಊರೆಲ್ಲ ಸಾರಿದೋಳು ನಾನು. ಯಾಕೆ ಸಾರಿದೆ? ನಮ್ಮ ಹಸು ಗೌಡರ ಸಸಿ ತಿಂತು ಅಂತ ಸಾಕ್ಷಿ ಹೇಳಿದ್ದಕ್ಕೆ. ಗೌಡ್ರೇ, ಕೇಳ್ಕೊಳ್ಳಿ. ನಿಮ್ಮ ಸಸಿ ತಿಂದಿದ್ದು ನಮ್ಮ ಹಸುನೇ. ಅವತ್ತು ಸಂಜೆ ಕಟ್ಟಕ್ಕೆ ಹೋದಾಗ ಅದರ ಬಾಯಲ್ಲಿ ಇನ್ನೂ ಕಾಫಿ ಎಲೆ ಇತ್ತು, ನನ್ನ ಕೈಯಾರೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿದೆ. ಇವನು ನೋಡಿದ್ದನ್ನೇ ಹೇಳಿದ್ದ. ನನ್ನ ಬಾಯಿಗೆ ಹೆದರಿ ಊರಲ್ಲಿ ಯಾರೂ ಹೇಳದೆ ಇದ್ದಾಗ ಇವನೊಬ್ಬ ಹೇಳಿದ. ಅಂಥೋನು ಆನೆ ವಿಷಯದಲ್ಲಿ ಸುಳ್ಳು ಹೇಳ್ತಾನಾ?"

ಗೌಡರು ನನ್ನನ್ನು ನೋಡಲಿಲ್ಲ, ಓಂಕಾರಮೂರ್ತಿಯನ್ನು ನೋಡಿದರು. ಕೊನೆಗೆ ಅವನು ಕುಳಿತುಕೊಂಡು ಹೇಳಿದ, "ಹಣ್ಣು ಉದುರ್ತಾ ಇತ್ತು ಸಾರ್. ಎಂಟು ಗಂಟೆಯಿಂದ ಸದ್ದು ಇರಲಿಲ್ಲ. ಹೋಗಿರುತ್ತೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಲಿಂಗಪ್ಪನ ಹೆಸರು ಬಂದಿತ್ತು..."

"ಬಂದಿತ್ತು, ನೀನು ಸುಮ್ಮನಾದೆ" ಎಂದರು ಗೌಡರು. ಅವರ ಬಾಯಿಂದ ನಾನು ಕೇಳಿದ ಮೊದಲ ಒಳ್ಳೆಯ ಮಾತು.

ಲಿಂಗಪ್ಪ ನಾಳೆಯಿಂದಲೇ ಕೆಲಸಕ್ಕೆ ಬರಬೇಕು. ಓಂಕಾರಮೂರ್ತಿ ಸರೋಜಮ್ಮನ ಗಂಡನ ಎದುರು ನಿಂತು ತಪ್ಪು ಒಪ್ಪಿಕೊಳ್ಳಬೇಕು, ಇನ್ನು ಮುಂದೆ ಕುಯ್ಲಿಗೆ ಆಳು ಇಳಿಸುವಾಗ ತಾನೇ ಮುಂದೆ ನಡೆಯಬೇಕು. ರಕ್ಷಾ ಹದಿನೈದು ದಿನದಲ್ಲಿ ಎಲ್ಲ ಸರಿಮಾಡಬೇಕು, ಅವಳ ಕೆಲಸದ ವಿಷಯ ಆಮೇಲೆ. "ಆಮೇಲೆ" ಅಂದರೆ ಗೌಡರಿಗೆ ಬೇರೆ ಯಾರೂ ಸಿಗುವುದಿಲ್ಲ ಎಂದು ಅರ್ಥ.

ಮೆಟ್ಟಿಲು ಇಳಿಯುವಾಗ ಲಿಂಗಪ್ಪ ಹಿಂದೆಯೇ ಬಂದ. ಕಾಲಿಗೆ ಬೀಳುತ್ತಾನೋ ಎಂದು ಹೆದರಿದೆ, ನನಗೆ ಅಂಥದ್ದು ಆಗುವುದಿಲ್ಲ.

"ಆ ಹಸು ಹೆಸರು ಏನಿತ್ತಮ್ಮ?" ಅಂದ.

"ಗೌರಿ" ಅಂದೆ.

"ಒಳ್ಳೆ ಹಸು" ಅಂದ. ಹೋದ.

೨೮ ಡಿಸೆಂಬರ್, ಭಾನುವಾರ

ಉಗ್ರಾಣದವನಿಗೆ ಬುದ್ಧಿ ಬಂದಿದೆ. ಈಗ ಒಂದೊಂದು ಸಾಲಿಗೂ ಬಾಗಿಲಿನವನನ್ನು ಕೇಳಿಯೇ ಬರೆಯುತ್ತಾನಂತೆ. ಕೇಳಿದಾಗ ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ಬರೆಯುವುದೇ ಇಲ್ಲವಂತೆ. ನಮ್ಮ ಯಜಮಾನರಿಗೂ ಅಷ್ಟು ಬುದ್ಧಿ ಇದ್ದಿದ್ದರೆ ಆಳುಗಳು ಅರ್ಧ ಜನ ಮರದ ಕೆಳಗೆ ಮಲಗುತ್ತಿರಲಿಲ್ಲ.

ಸರೋಜಮ್ಮನನ್ನು ಮನೆಗೆ ಕಳಿಸಿದ್ದಾರೆ. ಗಂಜಿಗೆ ಜೀರಿಗೆ ಹಾಕಿ ಒಯ್ದೆ. ಲಿಂಗಪ್ಪನದು ಇನ್ನೂ ಚೆನ್ನಾಗಿತ್ತು ಎಂದಳು. ಹಾಸಿಗೆ ಹಿಡಿದವಳೆಂದು ಸುಮ್ಮನಿದ್ದೆ.

೨ ಜನವರಿ ೨೦೦೯, ಶುಕ್ರವಾರ

ಬೆಳಿಗ್ಗೆ ಹಿತ್ತಿಲ ಬಾಳೆಯಲ್ಲಿ ಒಂಟಿ ಆನೆ. ನಮ್ಮ ಗೊನೆಯನ್ನು ಮುರಿದು ತನ್ನ ಮಾವನ ಮನೆಯದು ಎಂಬಂತೆ ತಿನ್ನುತ್ತಿತ್ತು. ತಿಂದು ಹಳ್ಳಕ್ಕೆ ಇಳಿಯಿತು. ಮುಂಬಾಗಿಲಿನಿಂದ ಇಳಿದು ಸಂಘದ ಕೋಣೆಗೆ ಹೋಗಿ ನಾನೇ ಒತ್ತಿದೆ. ಅಕ್ಷರ ಹುಡುಕಿ ಹುಡುಕಿ ಒತ್ತುವಷ್ಟರಲ್ಲಿ ಆನೆ ಇನ್ನೊಂದು ತೋಟ ಮುಗಿಸಿರಬಹುದು. ಪರದೆಯಲ್ಲಿ ಬಂತು. ಆರು ಐದಕ್ಕೆ ಲಿಂಗಪ್ಪನದು, ಕೆಳಗೆ ಎಂಟು ನಲವತ್ತಕ್ಕೆ: "ತಿಮ್ಮಮ್ಮನ ಬಾಳೆ ತಿಂದು ಒಂದು ಆನೆ ಹಳ್ಳಕ್ಕೆ ಇಳಿದಿದೆ. ನಾಚಿಕೆ ಇಲ್ಲ." ಬರೆದವರು: ತಿಮ್ಮಮ್ಮ.

ವಾಪಸು ಬರುವಾಗ ರಸ್ತೆಯಲ್ಲಿ ಗೌಡರ ಆಳುಗಳು ಬುಟ್ಟಿ ಹಿಡಿದು ನಿಂತಿದ್ದರು, ನಲವತ್ತು ಜನ. ಅವರ ಮುಂದೆ ಓಂಕಾರಮೂರ್ತಿ, ಕ್ರಾಪು ಕೆದರಿತ್ತು. "ತಿಮ್ಮಮ್ಮೋರು ಬರೆದಿದಾರೆ, ಇವತ್ತು ಹಳ್ಳದ ಕಡೆ ಬೇಡ, ಮೇಲಿನ ತೋಟಕ್ಕೆ ನಡೀರಿ" ಎಂದು ಹೇಳುತ್ತಿದ್ದ. ನಡೆದರು. ನನ್ನ ಮಾತನ್ನು ಈ ಊರಲ್ಲಿ ಇಷ್ಟು ಜನ ಒಟ್ಟಿಗೆ ಕೇಳಿದ್ದು ಇದೇ ಮೊದಲು.

ಒಂಬತ್ತೂವರೆ ಬಸ್ಸಿನ ಹೊತ್ತಿಗೆ ಲಿಂಗಪ್ಪ ಗೇಟಿಗೆ ಬಂದು ಕೂಗಿದ, ಹಳ್ಳದ ಕಡೆ ಇಳೀಬೇಡಿ ಎಂದು. "ಬರೆದಿರೋಳೇ ನಾನು, ನನಗೇ ಹೇಳಕ್ಕೆ ಬಂದಿದೀಯಾ?" ಎಂದೆ. ಕಾಫಿ ಇಟ್ಟಿದ್ದೆ, ಚೆಲ್ಲುವುದು ಯಾಕೆ ಎಂದು ಒಂದು ಲೋಟ ಕೊಟ್ಟೆ. ಬೆಲ್ಲ ಕಮ್ಮಿ ಅಂದ. ಕೊಬ್ಬು.

ಹೋಗುವಾಗ ಗೇಟಿನ ಸರಪಳಿ ಹಾಕಿಕೊಂಡು ಹೋದ. ಈ ಸಲ ನಾನು ಎದ್ದು ಹೋಗಿ ಅದನ್ನು ಮುಟ್ಟಲಿಲ್ಲ.